ಪ್ಲಾಸ್ಟಿಕ್ ಬಿಡಿಸುವ ಅಂಗಡಿ

ದುಬೈಯ ನೈಫ್‌ನಲ್ಲಿ ನಾನು ನಿಂತು ನೋಡಿದ ಮೊದಲ ಅಂಗಡಿಯಲ್ಲಿ ಬರೀ ಕೈಗಳಿದ್ದವು. ಮೊಣಕೈವರೆಗಿನ ಬಿಳಿ ಕೈಗಳು, ಕಪ್ಪು ವೆಲ್ವೆಟ್ ಸುತ್ತಿದ ಕೈಗಳು, ಒಂದೇ ಬೆರಳು ಎತ್ತಿಕೊಂಡು ನಿಂತ ಕೈಗಳು. ನೆಲದಿಂದ ಸೂರಿನವರೆಗೆ ಅವೇ. ನಾನು ಹೆದರಿ ಎರಡು ಹೆಜ್ಜೆ ಹಿಂದೆ ಸರಿದೆ. ಜೊತೆಗಿದ್ದ ಸುಮಿತ್ರಕ್ಕ, ನನ್ನ ದೊಡ್ಡಮ್ಮನ ಮಗಳು, ಬಿದ್ದು ಬಿದ್ದು ನಕ್ಕಳು.

"ಬಂಗಾರದ ಅಂಗಡಿಯವರು ಬಳೆ, ಉಂಗುರ ಎಂತದಕ್ಕೆ ಹಾಕಿ ತೋರಿಸುವುದು ಮಾರಾಯ್ತಿ? ನಿನ್ನ ಕೈಗಾ?"

ಕೈ ಮಾರಲಿಕ್ಕೂ ಒಂದು ಅಂಗಡಿ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಕಾರ್ಕಳದ ಹತ್ತಿರದ ನಮ್ಮ ಊರಲ್ಲಿ ಒಂದೇ ಅಂಗಡಿ. ಅಲ್ಲೇ ಅಕ್ಕಿ, ಅಲ್ಲೇ ಚಿಮಣಿ ಎಣ್ಣೆ, ಅಲ್ಲೇ ಹವಾಯಿ ಚಪ್ಪಲು, ಅಲ್ಲೇ ಜ್ವರದ ಮಾತ್ರೆ. ನೈಫ್‌ನಲ್ಲಿ ಅದೇ ಒಂದು ಅಂಗಡಿಯನ್ನು ಬಿಡಿಬಿಡಿಯಾಗಿ ಬಿಚ್ಚಿ ಇಡೀ ಪೇಟೆಗೆ ಹರಡಿದ ಹಾಗಿತ್ತು. ಒಂದು ಗಲ್ಲಿಯಲ್ಲಿ ಬೀಗ ಮಾತ್ರ, ಇನ್ನೊಂದರಲ್ಲಿ ಗುಂಡಿ ಮತ್ತು ದಾರ ಮಾತ್ರ. ಒಂದು ಕಡೆ ಊರಿಗೆ ಹೋಗುವವರ ಪೆಟ್ಟಿಗೆಗೆ ಹಗ್ಗ ಬಿಗಿದು ಕೊಡುವುದೇ ಒಬ್ಬನ ಕಸುಬು. ಇನ್ನೊಂದು ಕಡೆ, ನಿಮಗೆ ಬೇಕಾದ ಅತ್ತರು ಎಂಥದ್ದೆಂದು ಬಾಯಲ್ಲಿ ಹೇಳಿದರೆ ಸಾಕು, ನಾಲ್ಕು ಬಾಟಲಿಯಿಂದ ಹನಿ ಹನಿ ಬೆರೆಸಿ ಕೊಡುತ್ತಿದ್ದರು. ನಾನು "ಮಳೆ ಬಿದ್ದ ಮಣ್ಣು" ಅಂದೆ. ಅಂಗಡಿಯವನು ಬಹಳ ಯೋಚಿಸಿ ಏನೋ ಬೆರೆಸಿದ. ಮೂಸಿದರೆ ನೆಲ ಒರೆಸುವ ಫಿನಾಯಿಲ್. ಆದರೂ ಪ್ರಯತ್ನಪಟ್ಟನಲ್ಲ ಎಂದು ಖುಷಿಯಾಯಿತು.

ಮೆಟ್ರೋ ಬಂದು ಕೆಲವೇ ವರ್ಷವಾಗಿದ್ದ ಕಾಲ ಅದು. ವಿಸಿಟ್ ವೀಸಾದಲ್ಲಿ ಬಂದು ಕೆಲಸ ಹುಡುಕುತ್ತಿದ್ದೆ. ದೇರಾದ ಒಂದು ಫ್ಲ್ಯಾಟಿನ ಹಾಲನ್ನು ಪ್ಲೈವುಡ್ಡಿನಿಂದ ಎರಡು ಮಾಡಿದ್ದರು. ಅದಕ್ಕೆ ಇಲ್ಲಿ 'ಪಾರ್ಟಿಷನ್' ಎನ್ನುತ್ತಾರೆ. ಅದರಲ್ಲಿ ಸುಮಿತ್ರಕ್ಕ, ಭಾವ, ಈಗ ನಾನು. ಆಚೆ ಬದಿಯವರು ಕೆಮ್ಮಿದರೆ ನಾವು ನೀರು ಕುಡಿಯಬೇಕು ಅನ್ನುವಷ್ಟು ತೆಳು ಗೋಡೆ. ಊರಿನ ನಮ್ಮ ಮನೆಯೂ ದೊಡ್ಡದೇನಲ್ಲ, ಆದರೆ ಬಾಗಿಲು ತೆಗೆದರೆ ಅಂಗಳವಿತ್ತು. ಇಲ್ಲಿ ಬಾಗಿಲು ತೆಗೆದರೆ ಬೇರೆಯವರ ಚಪ್ಪಲಿ. ಆ ಇಕ್ಕಟ್ಟಿನಲ್ಲಿ ಮೂರನೆಯವಳಾಗಿ ಹೋದರೂ ಭಾವ ಒಂದು ದಿನ ಮುಖ ಗಂಟು ಹಾಕಲಿಲ್ಲ. ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಮೂರನೇ ವಾರ ಅಬುಧಾಬಿಯ ಖಲೀಫಾ ಸಿಟಿಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು, ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕಿ. ನಾನು ಬಿಎಸ್ಸಿ. ನಮ್ಮ ಕುಟುಂಬದಲ್ಲಿ, ಅಪ್ಪನ ಕಡೆಯಲ್ಲೂ ಅಮ್ಮನ ಕಡೆಯಲ್ಲೂ, ಡಿಗ್ರಿ ಮಾಡಿದ ಮೊದಲನೆಯವಳು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಕಷ್ಟಪಟ್ಟು ಓದಿದ್ದೇನೆ, ಹೇಳಿಕೊಳ್ಳುತ್ತೇನೆ.

ಶಾಲೆಯವರದ್ದು ಒಂದೇ ಮಾತು: ಸರ್ಟಿಫಿಕೇಟನ್ನು ಇಂಡಿಯಾಕ್ಕೆ ಕಳಿಸಿ, ಅಲ್ಲಿನ ಕಚೇರಿಗಳಲ್ಲಿ ಹಿಂಬದಿಗೆ ಸೀಲು ಹಾಕಿಸಿ ತರಬೇಕು. ಇದು ಸಾಚಾ ಎಂದು ಸರಕಾರವೇ ಒಪ್ಪಿದ ಗುರುತು ಅದು. ಎರಡು ತಿಂಗಳೊಳಗೆ ಬಾರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ.

ಅರ್ಜಿ, ವೀಸಾ ಕೆಲಸ ಮಾಡಿಕೊಡುವ ಟೈಪಿಂಗ್ ಸೆಂಟರಿಗೆ ಹೋದೆವು. ಅಲ್ಲಿದ್ದ ಮಲಯಾಳಿ ನನ್ನ ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದ, ಬಾಗಿಸಿದ, ಉಗುರಿನಿಂದ ತಟ್ಟಿದ. ಟಕ್ ಟಕ್.

"ಮಾಫಿ, ಮೇಡಂ," ಅಂದ. ಇಲ್ಲ, ಆಗದು ಎನ್ನುವುದಕ್ಕೆ ಇಲ್ಲಿ ಎಲ್ಲರ ಬಾಯಲ್ಲೂ ಇರುವ ಅರಬಿ ಮಾತು. "ಲ್ಯಾಮಿನೇಷನ್ ಮಾಡಿಸಿದ್ದೀರಿ. ಪ್ಲಾಸ್ಟಿಕ್ ಮೇಲೆ ಯಾರೂ ಸೀಲು ಹೊಡೆಯುವುದಿಲ್ಲ. ಯೂನಿವರ್ಸಿಟಿಯಿಂದ ಎರಡನೇ ಪ್ರತಿ ತರಿಸಿ."

ಅದಕ್ಕೆ ಐದಾರು ತಿಂಗಳು. ಅಷ್ಟರಲ್ಲಿ ವೀಸಾವೂ ಖಲಾಸ್, ಕೆಲಸವೂ ಖಲಾಸ್.

ಲ್ಯಾಮಿನೇಷನ್ ಮಾಡಿಸಿದ್ದು ಅಮ್ಮ. ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಒಡೆದು ಒಡೆದು ಅವಳ ಬೆರಳುಗಳು ಕಪ್ಪಾಗಿವೆ, ಆ ಎಣ್ಣೆಯ ಕರೆ ತೊಳೆದರೆ ಹೋಗುವುದಿಲ್ಲ. ಸರ್ಟಿಫಿಕೇಟ್ ಬಂದ ದಿನ ಅವಳು ಅದನ್ನು ಮುಟ್ಟಲಿಲ್ಲ. ಮರುದಿನ ನನಗೂ ಹೇಳದೆ ಸೀರೆಯ ಸೆರಗಿನಲ್ಲಿ ಹಿಡಿದುಕೊಂಡು ಕಾರ್ಕಳಕ್ಕೆ ಬಸ್ಸಿನಲ್ಲಿ ಹೋಗಿ, ಎರಡೂ ಬದಿಗೆ ದಪ್ಪ ಪ್ಲಾಸ್ಟಿಕ್ ಹಾಕಿಸಿ, ಸಂಜೆ ಬಂದು ದೇವರ ಫೋಟೋದ ಪಕ್ಕ ನೇತುಹಾಕಿದ್ದಳು. "ಇನ್ನು ನೀರು ಬಿದ್ದರೂ ಹೆದರಿಕೆ ಇಲ್ಲ" ಅಂದಿದ್ದಳು. ಅವಳಿಗೆ ನಾನು ಈಗ ಏನೆಂದು ಹೇಳಲಿ?

ಹೇಳಲಿಲ್ಲ. ಸುಮಿತ್ರಕ್ಕ ಇಸ್ತ್ರಿ ಪೆಟ್ಟಿಗೆ ತಂದಳು.

"ಬಿಸಿ ಮಾಡಿ ಎಳೆದರೆ ಬರುತ್ತದೆ."

"ಬೇಡ ಅಕ್ಕ, ಮೊದಲು ಬೇರೆ ಯಾವುದರ ಮೇಲಾದರೂ ನೋಡುವ."

ಅಮ್ಮ ಆವತ್ತು ನನ್ನ ಹೈಸ್ಕೂಲಿನ ಖೋ ಖೋ ಸರ್ಟಿಫಿಕೇಟಿಗೂ ಪ್ಲಾಸ್ಟಿಕ್ ಹಾಕಿಸಿದ್ದಳು, ಅದೂ ನನ್ನ ಪೆಟ್ಟಿಗೆಯಲ್ಲಿ ಬಂದಿತ್ತು. ಅದರ ಮೇಲೆ ಇಸ್ತ್ರಿ ಇಟ್ಟು ಎಳೆದೆವು. ಪ್ಲಾಸ್ಟಿಕ್ ಬಂತು, ಅದರ ಜೊತೆಗೆ ನನ್ನ ಹೆಸರೂ ಬಂತು. ಕಾಗದದಲ್ಲಿ 'ದ್ವಿತೀಯ ಸ್ಥಾನ' ಮಾತ್ರ ಉಳಿದಿತ್ತು. ಭಾವ ಕನ್ನಡಕ ಏರಿಸಿ ನೋಡಿ, "ಒಳ್ಳೆಯದಾಯಿತು, ಇದನ್ನು ಇನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು" ಎಂದರು. ಅವತ್ತು ನನಗೆ ನಗು ಬರಲಿಲ್ಲ.

ಮರುದಿನದಿಂದ ನೈಫ್ ನನಗೆ ತಮಾಷೆಯ ಪೇಟೆಯಾಗಿ ಉಳಿಯಲಿಲ್ಲ. ಇಷ್ಟು ವಿಚಿತ್ರ ಅಂಗಡಿಗಳಿರುವಲ್ಲಿ ಇದಕ್ಕೂ ಒಂದು ಇರಲೇಬೇಕು ಎಂಬ ಒಂದೇ ಹಟ. ಬೀಗದವನು ಫೋಟೋ ಸ್ಟುಡಿಯೋಕ್ಕೆ ಕಳಿಸಿದ, ಸ್ಟುಡಿಯೋದವನು ರಬ್ಬರ್ ಸ್ಟಾಂಪ್ ಮಾಡುವವನ ಹತ್ತಿರ, ಅವನು ಇನ್ನೆಲ್ಲಿಗೋ. ನನ್ನದು ಶಾಲೆಯಲ್ಲಿ ಕಲಿತ ಹಿಂದಿ. ಗಂಡಸರೇ ತುಂಬಿದ ಆ ಗಲ್ಲಿಗಳಲ್ಲಿ ಪ್ಲಾಸ್ಟಿಕ್ ಹಾಳೆ ಎದೆಗೆ ಒತ್ತಿಕೊಂಡು ತಿರುಗಿದೆ. ಒಬ್ಬನೂ ಕೆಟ್ಟದಾಗಿ ಮಾತಾಡಲಿಲ್ಲ. ಅತ್ತರಿನವನಂತೂ ಅಂಗಡಿ ಬಿಟ್ಟು ಬಂದು ದಾರಿ ತೋರಿಸಿದ. ಮೂರನೇ ದಿನ, ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ, ಮಂಚದಷ್ಟೇ ಅಗಲದ ಅಂಗಡಿ. ಬೋರ್ಡಿನಲ್ಲಿ 'ಲ್ಯಾಮಿನೇಷನ್' ಎಂದಿತ್ತು. ಒಳಗೆ ಪೇಶಾವರದ ಒಬ್ಬರು ಮುದುಕರು ಕೂತು ಅದನ್ನೇ ಕಿತ್ತು ತೆಗೆಯುತ್ತಿದ್ದರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು.

ಅವರು ನನ್ನದನ್ನು ತಿರುಗಿಸಿ ನೋಡಿದರು. "ಮನೆಯಲ್ಲಿ ನೀನೇ ಮೊದಲು ಓದಿದವಳಾ, ಬೇಟಿ?"

"ನಿಮಗೆ ಹೇಗೆ ಗೊತ್ತಾಯಿತು?"

"ಅಪ್ಪ, ಅಜ್ಜ ಓದಿದ ಮನೆಯವರು ಇದನ್ನು ಫೈಲಿನಲ್ಲಿ ಇಡುತ್ತಾರೆ. ಪ್ಲಾಸ್ಟಿಕ್ ಹಾಕಿ ಗೋಡೆಗೆ ತೂಗುವವರು ನಿಮ್ಮಂಥವರು, ನಮ್ಮಂಥವರು. ನನ್ನ ಮಗನದಕ್ಕೆ ನಾನೇ ಹಾಕಿದ್ದೆ, ಈ ಮೆಷಿನ್ನಿನಲ್ಲೇ. ಆಮೇಲೆ ಬಿಡಿಸಲು ಕಲಿತೆ."

ಮೂರು ದಿನದಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದ ಏನೋ ಅಲ್ಲೇ ಸಡಿಲವಾಯಿತು. ಕಣ್ಣು ತುಂಬಿತು.

"ಎರಡು ಷರತ್ತು," ಅಂದರು ಚಾಚಾ. "ಕೆಲಸ ಮುಗಿಯುವವರೆಗೆ ಮಾತಿಲ್ಲ. ಅಳುವುದೂ ಇಲ್ಲ. ಕಾಗದಕ್ಕೆ ನೀರು ಆಗುವುದಿಲ್ಲ."

ಅವರ ಉಪಾಯ ಸರಳ. ಸೀಲು ಬೀಳುವುದು ಹಿಂದೆ ತಾನೆ? ಹಿಂದಿನ ಪ್ಲಾಸ್ಟಿಕ್ ಮಾತ್ರ ಬಿಡಿಸುವುದು. ಹೆಸರಿರುವ ಮುಂಬದಿಗೆ ಕೈ ಹಚ್ಚುವುದೇ ಇಲ್ಲ. ಕೂದಲು ಒಣಗಿಸುವ ಮೆಷಿನ್ನಿನಿಂದ ಮೂಲೆಯನ್ನು ಬೆಚ್ಚಗೆ ಮಾಡಿ, ಪ್ಲಾಸ್ಟಿಕ್ಕಿಗೂ ಕಾಗದಕ್ಕೂ ನಡುವೆ ದಾರ ತೂರಿಸಿ, ಅಕ್ಕಿಕಾಳಿನಷ್ಟು ಅಕ್ಕಿಕಾಳಿನಷ್ಟೇ ಮುಂದೆ ಸರಿಸಿದರು. ನಡುವೆ ಒಂದು ಕಡೆ ಕಾಗದದ ತೆಳು ಪದರ ಪ್ಲಾಸ್ಟಿಕ್ಕಿಗೆ ಅಂಟಿ ಮೇಲೆದ್ದಿತು. ಚಾಚಾ ನಿಲ್ಲಿಸಿದರು. ಅವರು ಅದನ್ನು ಬೆರಳಿನಿಂದ ಒತ್ತಿ ಕೂರಿಸಿ, ದಾರವನ್ನು ಇನ್ನೊಂದು ದಿಕ್ಕಿನಿಂದ ತಂದರು. ಹೊರಗೆ ಮಸೀದಿಯಲ್ಲಿ ಅಸರಿನ, ಅಂದರೆ ಸಂಜೆಯ, ಬಾಂಗ್ ಆಗಿ, ನಮಾಜು ಮುಗಿಸಿದವರು ಮತ್ತೆ ಅಂಗಡಿ ತೆರೆಯುವ ಹೊತ್ತಿಗೆ ಹಿಂಬದಿ ಪೂರ್ತಿ ಬರಿದಾಗಿತ್ತು. ಒಂದು ಕಡೆ ಚರ್ಮ ಸುಲಿದ ಮೊಣಕಾಲಿನ ಹಾಗೆ ತರಿತರಿ. ಮುಂದೆ ತಿರುಗಿಸಿದರೆ ನನ್ನ ಹೆಸರು ಇದ್ದ ಹಾಗೇ ಇತ್ತು.

"ಯಲ್ಲಾ, ನಡಿ, ಈಗ ಅಳು," ಎಂದರು ಚಾಚಾ.

ಸರ್ಟಿಫಿಕೇಟ್ ಊರಿಗೆ ಹೋಗಿ, ಕಚೇರಿ ಕಚೇರಿ ಸುತ್ತಿ, ಬೆನ್ನ ತುಂಬ ಸೀಲು ಹೊತ್ತು ಬಂತು. ಕೆಲಸ ಉಳಿಯಿತು. ಈಗ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ ಇಬ್ಬರು ಟೀಚರುಗಳ ಜೊತೆ ಇದ್ದೇನೆ, ನನ್ನ ಕೋಣೆಯ ಗೋಡೆ ಸಿಮೆಂಟಿನದ್ದು. ರಜೆಯ ದಿನ ಸಂಜೆ ಬಸ್ಸು ಹತ್ತಿ ನೈಫ್‌ಗೆ ಹೋಗುವುದುಂಟು. ಮೊದಲ ಸಂಬಳದಲ್ಲಿ ಚಾಚಾರಿಗೆ ಒಂದು ಡಬ್ಬಿ ಸಿಹಿ ಕೊಟ್ಟಾಗ, "ಇದಕ್ಕೆ ಪ್ಲಾಸ್ಟಿಕ್ ಹಾಕಿಸಿಲ್ಲ ತಾನೆ?" ಎಂದು ಕೇಳಿ ಪಕ್ಕದ ಅಂಗಡಿಯವರಿಗೆಲ್ಲ ಹಂಚಿದರು.

ಮೊದಲ ರಜೆಗೆ ಊರಿಗೆ ಹೋಗುವಾಗ ಸರ್ಟಿಫಿಕೇಟ್ ಒಯ್ದೆ. ತಂಗಿ, ಅವಳ ಮಕ್ಕಳು ಎಲ್ಲ ಸುತ್ತ ಕೂತರು. ಅಮ್ಮನಿಗೆ ಎಲ್ಲ ಹೇಳಿದೆ, ಹೆದರಿಕೊಂಡೇ. ಅವಳು ನೊಂದುಕೊಳ್ಳಲಿಲ್ಲ. ಹಿಂಬದಿಯ ಸೀಲುಗಳನ್ನು ಒಂದೊಂದಾಗಿ ನೋಡಿ, "ಇಷ್ಟು ಜನ ನಿನ್ನನ್ನು ಹೌದು ಅಂದಿದ್ದಾರಾ?" ಎಂದಳು.

ಹೊರಡುವ ದಿನ ನಾನು ಅದನ್ನು ಬ್ಯಾಗಿಗೆ ಹಾಕುತ್ತಿದ್ದೆ.

"ಅದನ್ನೂ ತೆಗೆದುಕೊಂಡು ಹೋಗುತ್ತೀಯಾ?"

"ಬೇಕಾಗುತ್ತದಮ್ಮ, ಮುಂದೆ ಶಾಲೆ ಬದಲಾಯಿಸಿದರೆ..."

"ನೀನಂತೂ ಇಲ್ಲಿ ನಿಲ್ಲುವವಳಲ್ಲ ಮಗಾ. ಅದಾದರೂ ನಿಲ್ಲಲಿ."

ಬ್ಯಾಗಿನಿಂದ ತೆಗೆದು ಕೊಟ್ಟೆ. ಈಗ ಅದು ಅಲ್ಲಿದೆ, ಹೆಸರಿನ ಬದಿ ಮನೆಯವರ ಕಡೆಗೆ, ಸೀಲುಗಳ ಬದಿ ಗೋಡೆಗೆ. ಶಾಲೆಯ ಫೈಲಿನಲ್ಲಿ ಅದರ ನಕಲು ಪ್ರತಿ ಇದೆ. ಇಲ್ಲಿ ಯಾರೇ ಆದರೂ ಮೊದಲು ತಿರುಗಿಸಿ ನೋಡುವುದು ಹಿಂಬದಿಯನ್ನೇ. ನನ್ನನ್ನು ಮಡಿಲಿಗೆ ಹಾಕಿಕೊಂಡ ಈ ದೇಶಕ್ಕೆ ನಾನು ಆ ಸೀಲುಗಳ ಬದಿಯವಳು, ಅಮ್ಮನ ಮನೆಗೆ ಹೆಸರಿನ ಬದಿಯವಳು. ಎರಡೂ ನಾನೇ. ಆದರೆ ಎರಡನ್ನೂ ಒಟ್ಟಿಗೆ ನೋಡಬಹುದಾದ ಜಾಗವೊಂದು ನನಗೆ ಇನ್ನೂ ಸಿಕ್ಕಿಲ್ಲ.