ಕೇದಾರನ ಪಂಗಡ

ಮಂಗಳವಾರ ಸಂಜೆ ಕೇದಾರನ ತಂಟೆಗೆ ಹೋಗಬಾರದು. ಕ್ಯಾಲಿಫೋರ್ನಿಯಾದ ಹೇವರ್ಡಿನ ಅವನ ಆಫೀಸಿನಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಪಂಪುಗಳನ್ನು ಟೆಸ್ಟ್ ಮಾಡುವ ಲ್ಯಾಬಿನಲ್ಲಿ ವರ್ಷವಿಡೀ ತಣ್ಣಗಿರುವ ಮನುಷ್ಯ ಅವನು. ನವೆಂಬರ್ ಬಂತೆಂದರೆ ಮಂಗಳವಾರದ ಮೀಟಿಂಗನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋಗಿ, ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಬಾಗಿಲು ಹಾಕಿಕೊಂಡು, ಓದು ಮುಗಿಸಿ ಸ್ಯಾಕ್ರಮೆಂಟೋದಲ್ಲಿ ಕೆಲಸಕ್ಕಿರುವ ಮಗನ ಜತೆ ಫೋನಿನಲ್ಲಿ ಜಗಳಕ್ಕೆ ಕೂರುತ್ತಿದ್ದ.

ಜಗಳ ಕಾಲೇಜು ಫುಟ್‌ಬಾಲಿನದು. ಹೆಸರು ಫುಟ್‌ಬಾಲ್ ಆದರೂ ಅಮೆರಿಕದಲ್ಲಿ ಅದು ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಓಡುವ ಆಟ. ನೂರಾರು ಕಾಲೇಜುಗಳು ಆಡುತ್ತವೆ, ಎಲ್ಲರೂ ಎಲ್ಲರ ಮೇಲೆ ಆಡಲಾಗುವುದಿಲ್ಲ. ಹಾಗಾಗಿ ಒಂದು ಕಮಿಟಿ ಕೂತು ನವೆಂಬರಿನಿಂದ ಪ್ರತಿ ಮಂಗಳವಾರ ರ‍್ಯಾಂಕು ಕೊಡುತ್ತದೆ. ಕೊನೆಗೆ ಹನ್ನೆರಡು ಟೀಮುಗಳಿಗೆ ಪ್ಲೇಆಫ್, ಉಳಿದವರು ಮನೆಗೆ. ಕೇದಾರನಿಗೆ ಈ ಕಮಿಟಿಯ ಹೆಸರೆತ್ತಿದರೆ ಸಾಕು, ಮೈ ಉರಿಯುತ್ತಿತ್ತು. ಬಾಗಲಕೋಟೆಯಲ್ಲಿ ಸಿಇಟಿ ಬರೆದು ಇಂಜಿನಿಯರಿಂಗ್ ಸೀಟು ಗಿಟ್ಟಿಸಿದವನು ಅವನು. ರ‍್ಯಾಂಕು ಅಂದರೆ ಮಾರ್ಕ್ಸು ಅಂತ ನಂಬಿ ಬೆಳೆದವನು.

"ಕೂತು ಮಾತಾಡಿ ಕೊಡೋದು ರ‍್ಯಾಂಕ್ ಏನೋ?" ಎಂದು ಫೋನಿನಲ್ಲಿ ಕೂಗುತ್ತಿದ್ದ. "ಅದು ಹೆಣ್ಣು ನೋಡೋ ಶಾಸ್ತ್ರ!"

ಮಗ ಸುಮನ್ ಆ ಕಡೆಯಿಂದ ನಗುತ್ತಿದ್ದ. "ಅಪ್ಪ, ಸ್ಟ್ರೆಂತ್ ಆಫ್ ಶೆಡ್ಯೂಲ್ ಅಂತ ಒಂದು ಇದೆ. ಯಾರ ಮೇಲೆ ಆಡಿದ್ರು ಅನ್ನೋದೂ ನೋಡ್ಬೇಕು."

ಆ ನಗು ಕೇಳಲಿಕ್ಕೇ ಕೇದಾರ ಇಷ್ಟೆಲ್ಲ ಕೂಗುತ್ತಿದ್ದುದು. ಯಾಕೆಂದರೆ ಯುಗಾದಿಯಿಂದ ಆಚೆಗೆ ಮಗ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಅಪ್ಪ ಮಗನ ನಡುವೆ ಉಳಿದಿದ್ದ ಮಾತು ಇದೊಂದೇ.

ಈ ಹುಚ್ಚು ಹತ್ತಿದ ಬಗೆಯನ್ನೂ ಹೇಳಿಬಿಡಬೇಕು. ಸುಮನ್‌ಗೆ ಸಿಕ್ಕಿದ್ದು ಸಿಯೆರಾ ಸ್ಟೇಟ್ ಎಂಬ ಕಾಲೇಜು, ಬೆಟ್ಟದ ಕಡೆಯದು, ದೊಡ್ಡ ಹೆಸರಿನದೇನಲ್ಲ. ಕ್ಯುಪರ್ಟಿನೋ ಫ್ರೀಮಾಂಟುಗಳ ಕನ್ನಡಿಗರ ಊಟಗಳಲ್ಲಿ "ಮಗ ಎಲ್ಲಿ ಓದ್ತಿದಾನೆ?" ಎಂದು ಯಾರಾದರೂ ಕೇಳಿದರೆ ಕೇದಾರ "ಇಲ್ಲೇ ಕ್ಯಾಲಿಫೋರ್ನಿಯಾದಾಗ" ಎಂದು ಹೇಳಿ ಸಾರಿನ ಪಾತ್ರೆಯ ಕಡೆಗೆ ಸರಿದುಬಿಡುತ್ತಿದ್ದ. ಎರಡು ವರ್ಷ ಹೀಗೇ ಹೋಯಿತು. ಆಮೇಲೊಮ್ಮೆ, ಕಾಲೇಜಿನ ಬ್ಯಾಂಡಿನಲ್ಲಿ ಮಗ ಡ್ರಮ್ ಬಾರಿಸುತ್ತಾನೆ ಎಂದು ಹೆಂಡತಿ ನೀಲಾಂಬಿಕಾ ಹಟ ಹಿಡಿದು ಅವನನ್ನು ಒಂದು ಆಟಕ್ಕೆ ಎಳೆದುಕೊಂಡು ಹೋದಳು. ಆ ದಿನ ದೊಡ್ಡ ಕಾಲೇಜೊಂದನ್ನು ಸಿಯೆರಾ ಸ್ಟೇಟ್ ಮಣ್ಣು ಮುಕ್ಕಿಸಿತು. ಜನ ಹುಚ್ಚೆದ್ದು ಕುಣಿಯುವಾಗ ಕೇದಾರನೂ ಗುರುತಿಲ್ಲದ ಯಾರನ್ನೋ ತಬ್ಬಿಕೊಂಡು ಕುಣಿದ. ಅಲ್ಲಿಂದ ಶುರುವಾಯಿತು ನೋಡಿ! ಟೋಪಿ ಬಂತು, ಅಂಗಿ ಬಂತು, ಕಾರಿನ ಹಿಂದೆ ಸ್ಟಿಕ್ಕರು ಬಂತು. ಊಟಗಳಲ್ಲಿ ಈಗ ಅವನೇ ಹುಡುಕಿಕೊಂಡು ಹೋಗಿ ಹೇಳುತ್ತಿದ್ದ, ಜನ ಸಾರಿನ ಪಾತ್ರೆಯ ಕಡೆಗೆ ಸರಿಯುತ್ತಿದ್ದರು.

ಮನೆಯಲ್ಲಿ ಅವನ ಮಾತಿಗೆ ಕಿವಿಗೊಡುತ್ತಿದ್ದವಳು ತಾಯಿ ಗುರುಬಸವ್ವ ಒಬ್ಬಳೇ. ಫ್ರೀಮಾಂಟಿನ ಆ ಮನೆಯ ಸೋಫಾದ ಮೂಲೆ ಅವಳದು. ಮಂಡಿ ನೋವು, ಹೊರಗೆ ಓಡಾಟ ಕಡಿಮೆ, ಮಗ ಹಾಕಿದ್ದನ್ನು ನೋಡುತ್ತಿದ್ದಳು.

"ಆ ಕಾನ್ಫರೆನ್ಸು ಕಾನ್ಫರೆನ್ಸು ಅಂತ ಬಡಕೋತಾರಲ್ಲ, ಏನೋ ಅದು?" ಎಂದು ಒಂದು ದಿನ ಕೇಳಿದಳು.

ಕೇದಾರ ತಲೆ ಕೆರೆದುಕೊಂಡ. "ಪಂಗಡ ಇದ್ದಂಗ ಅವ್ವ. ಒಂದೊಂದು ಟೀಮೂ ಒಂದೊಂದು ಪಂಗಡದಾಗ ಇರ್ತೈತಿ. ದಕ್ಷಿಣದ್ದು ದೊಡ್ಡ ಪಂಗಡ, ನಮ್ಮದು ಸಣ್ಣದು. ಕಮಿಟಿಯವ್ರು ದೊಡ್ಡ ಪಂಗಡದವ್ರಿಗೇ ಮಣೆ ಹಾಕ್ತಾರ."

"ಇಲ್ಲೂ ಅದ ಐತಿ ಅನ್ನು," ಎಂದಳು ಮುದುಕಿ. ಅಂದಿನಿಂದ ಮನೆಯಲ್ಲಿ ಕಾನ್ಫರೆನ್ಸು ಹೋಗಿ ಪಂಗಡ ಉಳಿಯಿತು.

ಇನ್ನು ಯುಗಾದಿಯ ಮಾತು. ಅಂದು ಸುಮನ್ ಕಾವ್ಯಾ ಎಂಬ ಹುಡುಗಿಯನ್ನು ಊಟಕ್ಕೆ ಕರೆತಂದ. ಹೇವರ್ಡಿನಲ್ಲಿ ಹುಟ್ಟಿ ಬೆಳೆದವಳು, ಅಪ್ಪ ಅಮ್ಮ ಮಂಡ್ಯ ಕಡೆಯವರು, ಆಸ್ಪತ್ರೆಯೊಂದರಲ್ಲಿ ನರ್ಸು. ಬಂದವಳೇ ಗುರುಬಸವ್ವನ ಕಾಲು ಮುಟ್ಟಿ, ಮಂಡಿಗೆ ಏನು ಹಚ್ಚುತ್ತೀರಿ ಎಂದು ಕೇಳಿ, ಮುದುಕಿಯನ್ನು ಅಲ್ಲೇ ಗೆದ್ದುಬಿಟ್ಟಳು. ಸುಮನ್‌ಗಿಂತ ಚೆಂದ ಕನ್ನಡ ಆಡುತ್ತಿದ್ದಳು. ಕೇದಾರ ಹಿಗ್ಗಿಹೋದ. ತಾನೇ ಹೋಳಿಗೆ ಬಡಿಸಲು ಎದ್ದ.

ಅಮೆರಿಕಕ್ಕೆ ಬಂದ ಮೇಲೆ ನಮ್ಮವರು ಜಾತಿ ಕೇಳುವುದಿಲ್ಲ. ಛೇ ಛೇ, ಮುಂದುವರಿದ ಜನ! ಮನೆದೇವರು ಯಾವುದು ಎಂದು ಕೇಳುತ್ತಾರೆ, ಊರಲ್ಲಿ ಮನೆ ಯಾವ ಕಡೆಗೆ ಎಂದು ಕೇಳುತ್ತಾರೆ. ಅಪ್ಪ ಅಮ್ಮಂದಿರ ಹೆಸರು ನಂಬುವಂತಿಲ್ಲ, ಎಲ್ಲರೂ ಒಂದೇ ಥರ ಇಟ್ಟುಕೊಂಡಿರುತ್ತಾರೆ. ಅಜ್ಜಿಯ ಹೆಸರು ಮಾತ್ರ ಸುಳ್ಳು ಹೇಳುವುದಿಲ್ಲ.

"ಇಷ್ಟ ಚೊಲೊ ಕನ್ನಡ ಯಾರವ್ವ ಕಲಿಸಿದ್ದು?" ಎಂದ ಕೇದಾರ, ತುಪ್ಪ ಹಾಕುತ್ತಾ.

"ನಮ್ಮಜ್ಜಿ ಅಂಕಲ್. ನನ್ನ ಸಾಕಿದ್ದೇ ಅವ್ರು."

"ಹೌದಾ! ಏನವ್ರ ಹೆಸರು?"

"ಜವರಮ್ಮ," ಎಂದಳು ಹುಡುಗಿ, ಹೆಮ್ಮೆಯಿಂದ.

ಕೇದಾರನ ನಗು ಹಾಗೇ ಇತ್ತು. "ಇನ್ನೊಂದು ಹಾಕ್ಲಿ?" ಎಂದ. ಆದರೆ ಇನ್ನೊಂದು ಹಾಕಲಿಲ್ಲ, ಪಾತ್ರೆ ಹಿಡಿದು ಒಳಗೆ ಹೋದ. ಮತ್ತೆ ಬಂದು ಕೂತಾಗ ಹವಾಮಾನದ ಮಾತೆತ್ತಿದ. ಮಾತು ಇಂಗ್ಲಿಷಿಗೆ ತಿರುಗಿತ್ತು. ಹುಡುಗಿ ದಡ್ಡಿಯಲ್ಲ, ತಟ್ಟೆ ನೋಡುತ್ತಾ ಊಟ ಮುಗಿಸಿದಳು.

ಅವಳು ಕಾರಿನಲ್ಲಿ ಕೂತ ಮೇಲೆ ಅಪ್ಪ ಮಗನನ್ನು ಗರಾಜಿನ ಹತ್ತಿರ ನಿಲ್ಲಿಸಿದ. "ಹುಡುಗಿ ಒಳ್ಳೇಕಿ. ಆದ್ರ ನಮ್ಮವ್ರಲ್ಲ, ಸುಮನ್."

"ಅವ್ಳು ಏನ್ ತಪ್ ಮಾಡಿದ್ಲು?"

"ಏನೂ ಮಾಡಿಲ್ಲಪಾ. ಇದು ಮಾಡೋದರ ಮಾತಲ್ಲ."

ಸುಮನ್ ಅಪ್ಪನ ಮುಖವನ್ನೇ ನೋಡಿದ. ಆಮೇಲೆ ಕಾರು ಹತ್ತಿ ಹೋದ. ಬೇಸಿಗೆಯೆಲ್ಲ ಫೋನು ಅಮ್ಮನಿಗೆ, ಅಜ್ಜಿಗೆ. ಅಪ್ಪನಿಗಿಲ್ಲ.

ಸೆಪ್ಟೆಂಬರಿನಲ್ಲಿ ಸಿಯೆರಾ ಸ್ಟೇಟ್ ಗೆಲ್ಲತೊಡಗಿತು. ಗೆದ್ದ ರಾತ್ರಿ ಕೇದಾರ ತಡೆಯಲಾರದೆ ಮಗನಿಗೆ ಮೆಸೇಜು ಹಾಕಿದ, ಆ ಕಡೆಯಿಂದ ಒಂದು ಡ್ರಮ್ಮಿನ ಚಿತ್ರ ಬಂತು. ಕೇದಾರ ಅದನ್ನು ಎಷ್ಟು ಸಲ ತೆಗೆದು ನೋಡಿದನೋ! ನಿಧಾನಕ್ಕೆ ಮಾತು ಚಿಗುರಿತು. ಆಟದ ಮಾತು ಮಾತ್ರ. ಕಾವ್ಯಾಳ ಹೆಸರನ್ನು ಇವನು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಹುಡುಗಿಯ ವಿಷಯ ತಣ್ಣಗಾಗಿದೆ ಎಂದು ಇವನು ತನಗೆ ತಾನೇ ಅಂದುಕೊಂಡ. ಅಕ್ಟೋಬರಿನ ಕೊನೆಯಲ್ಲಿ ಸುಮನ್ ತಾನಾಗಿಯೇ ಹೇಳಿದ: "ಇವ್ರು ಪ್ಲೇಆಫ್‌ಗೆ ಹೋದ್ರೆ ಮನೆಗೆ ಬರ್ತೀನಿ ಅಪ್ಪ. ನಿಮ್ ಜತೆ ಕೂತು ನೋಡ್ತೀನಿ. ಮಾತಾಡೋದೂ ಇದೆ."

ಇದಾದ ಮೇಲೆ ಕೇದಾರನಿಗೆ ಹನ್ನೆರಡು ಎಂಬ ಸಂಖ್ಯೆ ಬಿಟ್ಟರೆ ಲೋಕದಲ್ಲಿ ಬೇರೇನೂ ಕಾಣಲಿಲ್ಲ. ಟೀಮು ಹನ್ನೆರಡರೊಳಗೆ ಬಂದರೆ ಮಗ ಮನೆಯೊಳಗೆ ಬರುತ್ತಾನೆ. ನೆರೆಯ ಶಿವಪ್ರಸಾದ ಗ್ರೋಸರಿಯಲ್ಲಿ ಸಿಕ್ಕು "ಏನ್ ಕೇದಾರ್, ನಿಮ್ ಟೀಮ್‌ಗೆ ಸೀಟ್ ಸಿಕ್ತಾ?" ಎಂದು ಕಿಚಾಯಿಸಿದರೆ, ಕೊತ್ತಂಬರಿ ಕಟ್ಟು ಕೈಯಲ್ಲಿ ಹಿಡಿದುಕೊಂಡೇ ಅವನ ತಲೆ ತಿನ್ನುತ್ತಿದ್ದ. ನಮ್ಮವರದು ಒಂದೇ ಸೋಲು. ದಕ್ಷಿಣದವರದು ಮೂರು. ಅವರು ಸೋತರೆ ಅದು ಒಳ್ಳೆಯ ಸೋಲಂತೆ, ದೊಡ್ಡವರ ಕೈಲಿ ಸೋತಿದ್ದಂತೆ! ನಾವು ಗೆದ್ದರೆ ಅದು ಸಣ್ಣವರ ಮೇಲಿನ ಗೆಲುವಂತೆ! ಎಲ್ಲಿಯ ನ್ಯಾಯ ಇದು?

ನವೆಂಬರಿನ ಒಂದು ಶನಿವಾರ ನೀಲಾಂಬಿಕಾ ಅತ್ತೆಯನ್ನು ಕರೆದುಕೊಂಡು ಲಿವರ್‌ಮೋರ್ ಗುಡಿಗೆ ಎಂದು ಹೇಳಿ ಹೊರಟಳು. ಗುರುಬಸವ್ವ ಮಡಿಚಿಟ್ಟಿದ್ದ ಇಳಕಲ್ ಸೀರೆ ಉಟ್ಟಿದ್ದಳು. ಮಂಡಿ ನೋವಿನ ಮುದುಕಿ ರೇಷ್ಮೆ ಉಟ್ಟು ಅಷ್ಟು ದೂರ ಯಾಕೆ ಎಂದು ಕೇದಾರ ಕೇಳಲಿಲ್ಲ, ಅವತ್ತು ಆಟ ಇತ್ತು. ಸಂಜೆ ಅವರು ತಲೆ ತುಂಬಾ ಮಲ್ಲಿಗೆ ಮುಡಿದು ಬಂದರು. ಡಬ್ಬಿಯಲ್ಲಿ ಕಾಯಿ ಒಬ್ಬಟ್ಟು ಇತ್ತು. ಕೇದಾರ ಟಿವಿಯಿಂದ ಕಣ್ಣು ಕೀಳದೆ ತಿಂದ.

ಡಿಸೆಂಬರಿನ ಆ ಭಾನುವಾರ ಬೆಳಗ್ಗೆ ಕಮಿಟಿಯ ಕೊನೆಯ ರ‍್ಯಾಂಕು. ಕೇದಾರ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು, ಸಿಯೆರಾ ಸ್ಟೇಟಿನ ಅಂಗಿ ತೊಟ್ಟು ಟಿವಿಯ ಮುಂದೆ ಕೂತ. ಫೋನಿನಲ್ಲಿ ಸುಮನ್. ಸ್ಪೀಕರು ಹಾಕಿತ್ತು. ಹಿಂದಿನ ಮಂಗಳವಾರ ಟೀಮು ಹನ್ನೆರಡನೆಯದಾಗಿತ್ತು, ಅಲ್ಲೇ ನಿಂತರೆ ಸಾಕಿತ್ತು. ಒಂದೊಂದೇ ಹೆಸರು ಬಂತು. ಒಂಬತ್ತು, ಹತ್ತು, ಹನ್ನೊಂದು. ಹನ್ನೆರಡಕ್ಕೆ ಬಂದಿದ್ದು ಮೂರು ಸಲ ಸೋತ ದಕ್ಷಿಣದ ಟೀಮು. ಹೊರಗುಳಿದವರಲ್ಲಿ ಮೊದಲನೆಯವರು ಎಂದು ಸಿಯೆರಾ ಸ್ಟೇಟಿನ ಹೆಸರು ತೋರಿಸಿದರು. ಹದಿಮೂರು.

ಆ ಹೊತ್ತಿಗೆ ಕೇದಾರ ಒಂದು ಮಾತು ಹೇಳಬಹುದಿತ್ತು. ಟೀಮು ಹಾಳಾಗಿ ಹೋಗಲಿ, ನೀ ಬಾ ಎನ್ನಬಹುದಿತ್ತು. ಆ ಕಡೆ ಮಗ ಅದಕ್ಕೇ ಕಾದಿದ್ದನೋ ಏನೋ. ಆದರೆ ಈ ಪುಣ್ಯಾತ್ಮ ಎದ್ದು ನಿಂತು ಟಿವಿಗೆ ಕೈ ತೋರಿಸಿ ಕೂಗತೊಡಗಿದ.

"ಏನ್ ತಪ್ಪ ಮಾಡ್ಯಾರ ಆ ಹುಡುಗ್ರು? ಹೇಳು! ಆಟ ನೋಡಂಗಿಲ್ಲ, ಗುಣ ನೋಡಂಗಿಲ್ಲ, ಯಾವ ಪಂಗಡದಾಗ ಹುಟ್ಟ್ಯಾರ ಅಂತ ನೋಡ್ತಾರ! ಬಾಗಿಲದಾಗ ನಿಲ್ಲಿಸಿ ಹೆಸರು ಕೇಳಿ ಹೊರಗ ಹಾಕ್ತಾರ! ಒಮ್ಮೆ ಒಳಗ ಕರದು ನೋಡಬೇಕಿತ್ತೋ ಬ್ಯಾಡೋ?"

ಅಡುಗೆಮನೆಯಲ್ಲಿ ನೀಲಾಂಬಿಕಾ ನಲ್ಲಿ ನಿಲ್ಲಿಸಿದಳು.

"ಅಪ್ಪ," ಎಂದ ಸುಮನ್. "ಆ ವರ್ಡ್ ಏನು? ಪಂಗಡ?"

"ಕಾನ್ಫರೆನ್ಸೋ. ಅಜ್ಜಿಗೆ ತಿಳೀಲಿ ಅಂತ ಹಂಗ ಅಂತೀವಿ."

"ಕಾವ್ಯಾದು ಯಾವ ಕಾನ್ಫರೆನ್ಸು ಅಪ್ಪ?"

ಟಿವಿಯ ಕಡೆ ಎತ್ತಿದ ಕೈ ಇಳಿಸುವುದನ್ನೂ ಕೇದಾರ ಮರೆತ.

"ನಾನು ಮನೆಗೆ ಬಂದು ಹೇಳ್ಬೇಕು ಅಂತಿದ್ದೆ. ನಮ್ದು ಮದುವೆ ಆಯ್ತು. ನವೆಂಬರ್‌ನಲ್ಲಿ, ಹೇವರ್ಡ್‌ನಲ್ಲಿ, ಅವರ ಮನೆ ಬ್ಯಾಕ್‌ಯಾರ್ಡ್‌ನಲ್ಲಿ. ತುಂಬಾ ಜನ ಇಲ್ಲ. ನಾವಿಬ್ಬರು ಬಿಟ್ಟು ಹನ್ನೆರಡು ಜನ, ಅಷ್ಟೇ."

ಹನ್ನೆರಡು. ಕೇದಾರ ಮೆಲ್ಲಗೆ ಸೋಫಾದ ಅಂಚಿಗೆ ಕೂತ.

"ನಾ ಈಗ ಬರ್ತೀನಿ," ಎಂದ ಕೊನೆಗೆ. "ಇಬ್ರೂ ಮನ್ಯಾಗ ಇರ್ರಿ. ಈಗ ಕಾರ್ ತಗೊಂಡು ಬರ್ತೀನಿ."

"ಬೇಡಪ್ಪ. ನಾನು ಕಾವ್ಯಾನ ಕೇಳಿ ನೋಡ್ದೆ. ಪ್ಲೇಆಫ್ ದಿನ ಬರ್ತೀಯಾ ಅಂತ ಕೇಳ್ದೆ. ನೀನು ಹೋಗಿ ಬಾ, ನಾನು ಮತ್ತೆ ಆ ಟೇಬಲ್‌ನಲ್ಲಿ ಕೂರಲ್ಲ ಅಂದ್ಲು. ಐ ಕಾಂಟ್ ಬ್ಲೇಮ್ ಹರ್. ಸರಿ ಅಪ್ಪ. ಇಡ್ತೀನಿ."

ನೀಲಾಂಬಿಕಾ ಬಾಗಿಲಿಗೆ ಬಂದು ನಿಂತಿದ್ದಳು. ಗಂಡನ ಕಣ್ಣು ತಪ್ಪಿಸಲಿಲ್ಲ. ಕೇದಾರ ಅವಳನ್ನು ಬಿಟ್ಟು ತಾಯಿಯ ಕಡೆ ತಿರುಗಿದ.

"ಅವ್ವ, ನೀ ಹೋಗಿದ್ದ್ಯಾ?"

"ಹೋಗಿದ್ದೆ. ನನ್ನ ಮೊಮ್ಮಗನ ಮದಿವಿ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಬರ್ತಿದ್ದಿ. ಬಂದು ಮತ್ತ ಯಾರದರ ಅಜ್ಜಿ ಹೆಸರು ಕೇಳ್ತಿದ್ದಿ." ಮುದುಕಿ ಮಂಡಿ ಒತ್ತಿಕೊಂಡಳು. "ಆಕಿ ನನ್ನ ಬಾಜೂಕ ಕೂತಿದ್ಲು, ಜವರಮ್ಮ. ನಿಮ್ಮ ಹೆಸರು ಏನ್ರಕ್ಕಾ ಅಂತ ನನ್ನೂ ಕೇಳಿದ್ಲು. ಗುರುಬಸವ್ವ ಅಂದೆ. ಚೆಂದ ಐತೆ ಅಂದ್ಲು. ಅಷ್ಟ."

ಟಿವಿಯಲ್ಲಿ ನಾಲ್ಕು ಜನ ಸೂಟು ಹಾಕಿಕೊಂಡು ಹದಿಮೂರನೆಯವರು ಯಾಕೆ ಹೊರಗುಳಿಯಬೇಕಾಯಿತು ಎಂದು ವಿವರಿಸುತ್ತಿದ್ದರು. ಕೇದಾರನಿಗೆ ತಟ್ಟನೆ ಏನೋ ಹೊಳೆಯಿತು.

"ಅವತ್ತ ತಂದಿದ್ರಲ್ಲ, ಒಬ್ಬಟ್ಟು..."

"ಜವರಮ್ಮಾನ ಮಾಡಿದ್ದು," ಎಂದಳು ಗುರುಬಸವ್ವ. "ಸುಮನ್‌ನ ಅಪ್ಪಗ ಅಂತ ಆಕೀನ ಕಟ್ಟಿ ಕೊಟ್ಲು. ಭಾಳ ಚೊಲೊ ಆಗ್ಯಾವ, ಇನ್ನೂ ಅದಾವೇನು ಅಂತ ಕೇಳಿದಿ ನೀ."

ಮುಂದಿನ ಮಂಗಳವಾರ ರ‍್ಯಾಂಕಿಂಗ್ ಇರಲಿಲ್ಲ, ಅದೆಲ್ಲ ಮುಗಿದಿತ್ತು. ಆದರೂ ಸಂಜೆ ಕೇದಾರ ಮೀಟಿಂಗಿನ ನಡುವೆ ಎದ್ದು ಪಾರ್ಕಿಂಗ್ ಲಾಟಿಗೆ ಹೋದ. ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಕಾರಿನ ಬಾಗಿಲು ಹಾಕಿಕೊಂಡು ಕೂತ. ಕತ್ತಲಾಗುವವರೆಗೂ ಕೂತಿದ್ದ. ಫೋನು ಬರಲಿಲ್ಲ.