ಸಂಜೀವಣ್ಣ ಕೇಳದೆ ಉಳಿಸಿದ ಚರಣ

ಸಂಜೀವಣ್ಣ ತೋರುಬೆರಳು ಎತ್ತಿದರೆ ಹಾಡು ನಿಲ್ಲಬೇಕು. ಎಷ್ಟೇ ಚೆಂದದ ಹಾಡಾಗಿರಲಿ, ಯಾರೇ ಹಾಡುತ್ತಿರಲಿ, ಕೊನೆಯ ಚರಣ ಶುರುವಾಗಬೇಕು ಅನ್ನುವಷ್ಟರಲ್ಲಿ ಬಾಳೆನಾರಿನ ಕಲೆ ಹತ್ತಿದ ಆ ಬೆರಳು ಮೇಲೇಳುತ್ತಿತ್ತು. ಫೋನಿನಲ್ಲಿ ಹಾಡು ನಿಲ್ಲಿಸುವ ಕೆಲಸ ಹೆಚ್ಚಾಗಿ ನನ್ನ ಪಾಲಿಗೆ ಬರುತ್ತಿತ್ತು. ಅರೆಗಳಿಗೆ ತಡವಾದರೂ ಸಾಕು, ಚಹಾ ಬರುವವರೆಗೆ ಮುಖ ಊದಿಸಿಕೊಂಡಿರುತ್ತಿದ್ದರು.

ಅವರು ಕಾಪುವಿನವರು, ಮದುವೆಯ ಮಂಟಪ ಸಿಂಗರಿಸುವುದು ಅವರ ಕಸುಬು. ನಾನು ಕಾರ್ಕಳದಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆಯ ಫೋಟೋ ತೆಗೆಯುವವನು. ಪಡುಬಿದ್ರಿಯಿಂದ ಪೆರ್ಡೂರಿನವರೆಗೆ ಯಾವ ಸಭಾಭವನಕ್ಕೆ ಹೋದರೂ ನಾವಿಬ್ಬರು ಎದುರಾಗುತ್ತಿದ್ದೆವು. ಮದುವೆಯ ಮುನ್ನಾದಿನ ಸಂಜೆ ಬೆಳಕು ನೋಡಿಕೊಳ್ಳುವ ನೆಪದಲ್ಲಿ ನಾನು ಅಲ್ಲಿ ಹಾಜರಾಗುತ್ತಿದ್ದೆ. ಬೆಳಕು ನೋಡಲು ಹತ್ತು ನಿಮಿಷ ಸಾಕು. ಉಳಿದದ್ದೆಲ್ಲ ಅವರ ಕೆಲಸ ನೋಡುವ ಚಪಲ.

ಮಂಟಪಕ್ಕೆ ಮಾತಾಡಲು ಬಂದವರು ಮೊದಲು ಮೊಬೈಲ್ ತೆಗೆದು ಯಾರದೋ ಮದುವೆಯ ಚಿತ್ರ ತೋರಿಸುತ್ತಿದ್ದರು. ಸಂಜೀವಣ್ಣ ಅತ್ತ ಕಣ್ಣೂ ಹಾಯಿಸುತ್ತಿರಲಿಲ್ಲ. ಮದುಮಗಳಿಗೆ ಇಷ್ಟವಾದ ಒಂದು ಹಾಡು ಯಾವುದು, ಅದನ್ನು ಕೇಳಿಸಿ ಎನ್ನುತ್ತಿದ್ದರು. ಬಂದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಕೆಲವರು ಎದ್ದು ಹೋದದ್ದೂ ಉಂಟು. ಉಳಿದವರು ಹಾಡು ಹಾಕಿದರೆ ಇವರು ಖಾಲಿ ಸಭಾಭವನದ ಮೊದಲ ಸಾಲಿನ ಕುರ್ಚಿಯಲ್ಲಿ ಕುಳಿತು, ಬರಿಯ ವೇದಿಕೆಯನ್ನು ನೋಡುತ್ತಾ ಮತ್ತೆ ಮತ್ತೆ ಕೇಳುತ್ತಿದ್ದರು. ಹಾಡಿಗೆ ಎಷ್ಟು ಚರಣ ಎಂದು ಮೊದಲೇ ಕೇಳಿಟ್ಟುಕೊಂಡು, ಪ್ರತಿ ಸಲವೂ ಕೊನೆಯ ಚರಣಕ್ಕೆ ಮೊದಲೇ ಬೆರಳು. ಕೆಲಸ ಪೂರ್ತಿಯಾದ ಮೇಲೆ ಅದೇ ಕುರ್ಚಿಯಲ್ಲಿ ಕುಳಿತು ಆ ಉಳಿದ ಚರಣ ಕೇಳುತ್ತಿದ್ದರು. ಕೇಳಿ ಆದಮೇಲೆ ಮಂಟಪದ ಒಂದು ಎಲೆಯನ್ನೂ ಮುಟ್ಟುತ್ತಿರಲಿಲ್ಲ.

ಇದೆಂತ ಹುಚ್ಚು ಎಂದು ಒಮ್ಮೆ ಕೇಳಿದೆ.

“ಹಾಡು ಪೂರ್ತಿ ಕೇಳಿದರೆ ಹೊಟ್ಟೆ ತುಂಬ್ತದೆ ಮಾರಾಯ” ಎಂದರು. “ಹೊಟ್ಟೆ ತುಂಬಿದವನಿಗೆ ನಿದ್ದೆ ಬರ್ತದೆ, ಕೆಲಸ ಬರುವುದಿಲ್ಲ. ಸ್ವಲ್ಪ ಹಸಿವು ಉಳೀಬೇಕು.”

ಬಜಗೋಳಿಯ ಒಂದು ಮದುವೆ ನನಗೆ ಚೆನ್ನಾಗಿ ನೆನಪಿದೆ. ಹುಡುಗಿ ತನಗೆ ಹಾಡು ಗೀಡು ಗೊತ್ತಿಲ್ಲ ಎಂದಳು. ಮೂಲೆಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಅಜ್ಜಿ, ತನಗೆ ಗೊತ್ತುಂಟು ಎಂದು ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗಿನ ಓಬೇಲೆ ಹಾಡು ತೆಗೆದೇಬಿಟ್ಟರು. ಸಂಜೀವಣ್ಣ ಕಣ್ಣು ಮುಚ್ಚಿ ಕೇಳಿದರು. ಮರುದಿನ ನಾನು ಕ್ಯಾಮೆರಾ ಹೊತ್ತು ಹೋದರೆ ವೇದಿಕೆಯಲ್ಲಿ ಗುಲಾಬಿಯೇ ಇಲ್ಲ. ಸುಗ್ಗಿ ಬೆಳೆಗೆ ಹಾಕಿದ್ದ ಎಳೆಯ ನೇಜಿಯನ್ನು ಎಲ್ಲಿಂದಲೋ ತರಿಸಿ ಸಾಲುಸಾಲಾಗಿ ನಿಲ್ಲಿಸಿದ್ದರು. ನಡುವೆ ಅಲ್ಲಲ್ಲಿ ಅಡಿಕೆ ಮರದ ಹಿಂಗಾರ, ಅಷ್ಟೇ. ದುಬೈಯಿಂದ ಬಂದಿದ್ದ ಹುಡುಗಿಯ ಸೋದರಮಾವ ಕೆಂಡವಾದರು. ನೆಂಟರಿಗೆ ಮದುವೆಯೂಟವೋ ಗದ್ದೆಯ ಗಂಜಿಯೋ ಎಂದು ಕೂಗಾಡಿದರು. ಅಷ್ಟರಲ್ಲಿ ಅಜ್ಜಿ ಮೆಲ್ಲ ವೇದಿಕೆ ಹತ್ತಿ, ಒಂದು ಹಿಡಿ ನೇಜಿಯನ್ನು ಅಂಗೈಯಿಂದ ಸವರಿ, ಮದುಮಗಳು ಕೂರಬೇಕಾದ ಪೀಠದಲ್ಲಿ ಕುಳಿತುಬಿಟ್ಟರು. ಏಳಿ ಎಂದರೆ ಏಳುವುದಿಲ್ಲ. ಕೊನೆಗೆ ಮದುಮಗಳನ್ನೇ ಪಕ್ಕದಲ್ಲಿ ಕೂರಿಸಿ ನಾನು ಫೋಟೋ ತೆಗೆದೆ. ಆ ಫೋಟೋ ಈಗಲೂ ನನ್ನ ಸ್ಟುಡಿಯೋದ ಗೋಡೆಯಲ್ಲಿ ಉಂಟು, ಮಾವನೂ ಅದರ ಒಂದು ಪ್ರತಿ ಒಯ್ದರು.

ಹೀಗಿದ್ದ ಮನುಷ್ಯನಿಗೆ ಕಿವಿ ಕೈಕೊಟ್ಟಿತು.

ಮೊದಮೊದಲು ನಮಗಾರಿಗೂ ತಿಳಿಯಲಿಲ್ಲ. ಹಾಡಿನ ಸದ್ದು ಹೆಚ್ಚಿಸಲು ಹೇಳುತ್ತಿದ್ದರು, ನಾವು ಹೆಚ್ಚಿಸುತ್ತಿದ್ದೆವು. ಉಡುಪಿಯ ಸಭಾಭವನದಲ್ಲಿ ಒಂದು ಸಂಜೆ ಎಂದಿನಂತೆ ಹಾಡು ಹಾಕಿ ನಾನು ಬೆರಳಿಗಾಗಿ ಕಾಯುತ್ತಿದ್ದೆ. ಕೊನೆಯ ಚರಣ ಬಂತು, ಬೆರಳು ಏಳಲಿಲ್ಲ. ಹಾಡು ಮುಗಿಯಿತು. ಫ್ಯಾನಿನ ಸದ್ದು ಮಾತ್ರ ಉಳಿಯಿತು. ಸಂಜೀವಣ್ಣ ಕತ್ತು ಸ್ವಲ್ಪ ವಾರೆ ಮಾಡಿಕೊಂಡು, ಇನ್ನೂ ಕೇಳುತ್ತಿರುವವರ ಹಾಗೆ ವೇದಿಕೆಯನ್ನೇ ನೋಡುತ್ತಿದ್ದರು. ಹೇಳುವುದು ಹೇಗೆ? ಸುಮ್ಮನೆ ಹೋಗಿ ಹೆಗಲು ಮುಟ್ಟಿದೆ. ನನ್ನ ಮುಖ ನೋಡಿದ್ದೇ ಅವರಿಗೆ ಅರ್ಥವಾಯಿತು. ಆ ದಿನ ಅವರು ಮಾಡಿದ ಮಂಟಪ ಎಲ್ಲರೂ ಮಾಡುವ ಮಂಟಪದಂತೆಯೇ ಇತ್ತು. ಮದುವೆಯವರು ಅದನ್ನು ಬಹಳ ಹೊಗಳಿದರು.

ಮಣಿಪಾಲದಲ್ಲಿ ತೋರಿಸಿದ್ದಾಯಿತು, ಕಿವಿಗೆ ಯಂತ್ರ ಬಂತು. ಅದು ಎರಡು ವಾರವೂ ಕಿವಿಯಲ್ಲಿ ಉಳಿಯಲಿಲ್ಲ. ಅದರಲ್ಲಿ ಮಾತು ಕೇಳುತ್ತದೆ, ಹಾಡು ಡಬ್ಬಿಯೊಳಗೆ ಕಲ್ಲು ಹಾಕಿ ಆಡಿಸಿದ ಹಾಗೆ ಕೇಳುತ್ತದೆ ಎಂದರು. ಬಂದ ಮದುವೆಗಳನ್ನೆಲ್ಲ ಬೇರೆಯವರಿಗೆ ದಾಟಿಸಿದರು. ಮನೆಯ ಜಗಲಿಯಲ್ಲಿ ಕುಳಿತು ತೆಂಗಿನ ಎಳೆಗರಿಯನ್ನು ಸುಮ್ಮನೆ ಮಡಚುವುದು, ಬಿಡಿಸುವುದು. ಅದನ್ನು ನೋಡಲಾರದೆ ನಾನು ಕಾಪುವಿಗೆ ಹೋಗುವುದನ್ನೇ ಕಡಿಮೆ ಮಾಡಿದ್ದೆ.

ಅಷ್ಟರಲ್ಲಿ ನನ್ನ ಮಗಳು ಸ್ವಾತಿಗೆ ಮದುವೆ ಗೊತ್ತಾಯಿತು. ಮಂಟಪ ಸಂಜೀವ ಮಾವನದ್ದೇ ಆಗಬೇಕು, ಇಲ್ಲದಿದ್ದರೆ ಮಂಟಪವೇ ಬೇಡ ಎಂದು ಹಟ ಹಿಡಿದಳು. ಅವಳಿಗೆ ಬೇಕಾದ ಹಾಡೂ ಎಲ್ಲಿಯೂ ಸಿಗುವಂಥದ್ದಲ್ಲ. ನನ್ನ ಅಮ್ಮ ಅವಳನ್ನು ತೂಗುವಾಗ ತಾನೇ ಕಟ್ಟಿ ಹಾಡುತ್ತಿದ್ದ ತುಳು ಜೋಗುಳ. ನಮ್ಮ ಮನೆಯಾಚೆ ಅದನ್ನು ಕೇಳಿದವರೇ ಇಲ್ಲ. ಅವಳನ್ನು ಕಾಪುವಿಗೆ ಕರೆದುಕೊಂಡು ಹೋದೆ. ಸಂಜೀವಣ್ಣ ಕೈ ಮುಗಿದರು.

“ನನ್ನಿಂದ ಆಗ್ಲಿಕ್ಕಿಲ್ಲ ಮಗಾ. ಕೇಳದೆ ಮಾಡಿದರೆ ಅದು ನಿನ್ನ ಮಂಟಪ ಆಗುವುದಿಲ್ಲ.”

ಅವರ ಹೆಂಡತಿ ಗಿರಿಜಕ್ಕ ಬಾವಿಕಟ್ಟೆಯಲ್ಲಿ ತಾಮ್ರದ ಕೊಡಪಾನ ತಿಕ್ಕುತ್ತಿದ್ದರು. ತಿಕ್ಕುವುದನ್ನು ಬಿಟ್ಟು, ಅದನ್ನು ಸೆರಗಿನಲ್ಲಿ ಒರೆಸುತ್ತಾ ಬಂದರು. ಕೊಡಪಾನದೊಳಗೆ ಬಗ್ಗಿ ಗುನುಗಿದರೆ ಹಾಡಿನ ನಡುಕ ಕೈಬೆರಳಿಗೆ ಗೊತ್ತಾಗುತ್ತದೆ, ದಿನಾ ತಿಕ್ಕುವವಳಿಗೆ ಅಷ್ಟು ತಿಳಿಯದೇ ಎಂದರು. ಅದನ್ನು ಗಂಡನ ಮಡಿಲಲ್ಲಿಟ್ಟು, ಅವರ ಎರಡೂ ಅಂಗೈಗಳನ್ನು ಅದರ ಹೊಟ್ಟೆಗೆ ಒತ್ತಿ ಹಿಡಿಸಿದರು. ಸ್ವಾತಿ ಮೊಣಕಾಲೂರಿ ಕುಳಿತು ಕೊಡಪಾನದ ಬಾಯಿಗೆ ಬಾಯಿ ತಂದು ಹಾಡತೊಡಗಿದಳು, ಕೊನೆಯ ಚರಣವನ್ನು ಮಾತ್ರ ಉಳಿಸಿಕೊಂಡು.

ಮೊದಲ ಸಲ ಅವರ ಮುಖ ಹಾಗೆಯೇ ಇತ್ತು. ಎರಡನೆಯ ಸಲಕ್ಕೆ ಹೆಬ್ಬೆರಳು ತಾಳಕ್ಕೆ ಮಿಸುಕಿತು. ಆಮೇಲೆ ಎಷ್ಟು ಸಲ ಹಾಡಿಸಿದರೋ, ನಾನು ಅಂಗಳಕ್ಕೆ ಹೋಗಿ ಕಣ್ಣೊರೆಸಿಕೊಂಡು ಬಂದೆ. ಬಂದು ನೋಡುವಾಗ ಸಂಜೀವಣ್ಣನ ತೋರುಬೆರಳು ಕೊಡಪಾನದಿಂದ ಎದ್ದು ನಿಂತಿತ್ತು. ಕೊನೆಯ ಚರಣಕ್ಕೆ ಸರಿಯಾಗಿ ಮೊದಲು. ಸ್ವಾತಿ ಅಲ್ಲಿಯೇ ನಿಲ್ಲಿಸಿ ನನ್ನನ್ನು ನೋಡಿದಳು.

ಮದುವೆಗೆ ಅವರು ಮೇಲಿನಿಂದ ತೆಂಗಿನ ಎಳೆಗರಿಯ ಎಳೆಗಳನ್ನೂ ಮಲ್ಲಿಗೆಯ ಸರಗಳನ್ನೂ ಇಳಿಬಿಟ್ಟಿದ್ದರು. ಒಂದರ ಬುಡವನ್ನೂ ಕಟ್ಟಿರಲಿಲ್ಲ. ಗಾಳಿ ಆಡಿದರೆ ಇಡೀ ಮಂಟಪ ಮೆಲ್ಲನೆ ಒಮ್ಮೆ ಅತ್ತ, ಒಮ್ಮೆ ಇತ್ತ ತೂಗುತ್ತಿತ್ತು. ನನ್ನ ಅಮ್ಮನ ಕೈ ಕಂಡಂತಾಯಿತು. ಅಷ್ಟು ವರ್ಷ ಮದುವೆಯ ಫೋಟೋ ತೆಗೆದವನಿಗೆ ಅಂದು ಕ್ಯಾಮೆರಾ ಹಿಡಿಯಲು ಆಗಲಿಲ್ಲ.

ಮದುವೆಯ ಬೆಳಿಗ್ಗೆ ಕೆಲಸ ಮುಗಿಸಿ ಅವರು ಮೊದಲ ಸಾಲಿನ ಕುರ್ಚಿಯಲ್ಲಿ ಬಂದು ಕುಳಿತರು. ಕಾರಿನಲ್ಲಿ ಕೊಡಪಾನವೂ ಬಂದಿತ್ತು. ಆದರೆ ಸ್ವಾತಿಯನ್ನು ಬ್ಯೂಟಿ ಪಾರ್ಲರಿನವರು ಕೋಣೆಯೊಳಗೆ ಹಿಡಿದು ಕೂರಿಸಿದ್ದರು, ಮುಹೂರ್ತಕ್ಕೆ ಹೊತ್ತಾಗುತ್ತಿತ್ತು. ನಾನು ಚಡಪಡಿಸುವುದನ್ನು ನೋಡಿ ಅವರು ನಕ್ಕರು. ಇನ್ನೊಮ್ಮೆ ಮನೆಗೆ ಬಂದಾಗ ಹಾಡಲಿ, ಅವಸರ ಎಂತ ಉಂಟು ಎಂದರು.

ಆ ಇನ್ನೊಮ್ಮೆ ಬರಲಿಲ್ಲ. ಸ್ವಾತಿ ಗಂಡನೊಂದಿಗೆ ಹುಬ್ಬಳ್ಳಿಗೆ ಹೋದಳು. ಮಳೆಗಾಲ ಕಳೆಯುವ ಮೊದಲೇ ಒಂದು ಮಧ್ಯಾಹ್ನ ಸಂಜೀವಣ್ಣ ಊಟ ಮಾಡಿ ಜಗಲಿಯಲ್ಲಿ ಒರಗಿದವರು ಮತ್ತೆ ಏಳಲಿಲ್ಲ.

ಈಗ ಮಂಟಪಗಳು ಡಬ್ಬಿಯಲ್ಲಿ ಬರುತ್ತವೆ. ಪ್ಲಾಸ್ಟಿಕ್ ಹೂವು ಬಾಡುವುದಿಲ್ಲ, ಫೋಟೋದಲ್ಲಿ ಚೆನ್ನಾಗಿಯೇ ಬರುತ್ತದೆ. ಆದರೂ ಮದುವೆಯ ಹಿಂದಿನ ಸಂಜೆ ಯಾವುದಾದರೂ ಸಭಾಭವನಕ್ಕೆ ಹೋದರೆ, ಮೈಕಿನವನು ಹಾಡು ಹಾಕಿದಾಗ ನನ್ನ ಕಣ್ಣು ಮೊದಲ ಸಾಲಿನ ಕುರ್ಚಿಗಳ ಕಡೆಗೇ ಹೋಗುತ್ತದೆ. ಯಾರೂ ನಿಲ್ಲಿಸದ ಹಾಡು ಕೊನೆಯವರೆಗೂ ಹೋಗಿ ಮುಗಿಯುತ್ತದೆ. ನನಗೆ ಅವರು ಬೇಕು ಅನ್ನಿಸುತ್ತದೆ.

ಸಂಜೀವಣ್ಣನ ಉತ್ತರಕ್ರಿಯೆಗೆ ಸ್ವಾತಿ ಬಂದಿದ್ದಳು. ನೆಂಟರೆಲ್ಲ ಹೋದಮೇಲೆ ಗಿರಿಜಕ್ಕನ ಹತ್ತಿರ ಆ ಕೊಡಪಾನ ಕೇಳಿದಳು. ಮಾವನಿಗೆ ಒಂದು ಚರಣ ಬಾಕಿ ಉಂಟು ಎಂದಳು. ಗಿರಿಜಕ್ಕ ತಂದು ತಮ್ಮ ಮಡಿಲಲ್ಲಿಯೇ ಇಟ್ಟುಕೊಂಡು ಎರಡೂ ಕೈಯಲ್ಲಿ ತಬ್ಬಿ ಹಿಡಿದರು. ಸ್ವಾತಿ ಮೊದಲಿನಿಂದ ಹಾಡಿದಳು. ಕೊನೆಯ ಚರಣ ನನಗೆ ಬಾಯಿಪಾಠ. ಅದರಲ್ಲಿ ಮಗುವಿಗೆ ನಿದ್ದೆ ಹತ್ತುತ್ತದೆ, ತೂಗುವವಳು ತೊಟ್ಟಿಲಿನ ಹಗ್ಗ ಬಿಡುತ್ತಾಳೆ. ಸ್ವಾತಿ ಉಸಿರೆಳೆದುಕೊಂಡಳು.

ಗಿರಿಜಕ್ಕನ ತೋರುಬೆರಳು ಮೇಲೆದ್ದಿತು.

“ಅದು ಬೇಡ ಮಗಾ” ಎಂದರು. “ಅದನ್ನು ಕೇಳಿದರೆ ಅವರ ಕೆಲಸ ಮುಗಿಯಿತು ಅಂತ ಆಗ್ತದೆ.”

ಎದ್ದು, ಕೊಡಪಾನವನ್ನು ಸೊಂಟಕ್ಕಿಟ್ಟುಕೊಂಡು ಬಾವಿಕಟ್ಟೆಯ ಕಡೆಗೆ ನಡೆದರು.