ಕೆನ್ನೆಯ ಜೀವಕೋಶ ಎಣಿಸುವ ಸುಲೋಚನಾ

ಬೆಳಗಿನ ಐದೂವರೆ. ವಡೋದರಾ ಹೊರವಲಯದ ಬಣ್ಣದ ಕಾರ್ಖಾನೆಯೊಂದರ ಗೇಟಿನ ಮುಂದೆ ಸುಲೋಚನಾ ಮಡಚುವ ಮೇಜು ಹಾಕಿಕೊಂಡು ನಿಂತಿದ್ದಾರೆ. ಪಾಳಿಗೆ ಹೋಗುವವರು ಒಬ್ಬೊಬ್ಬರಾಗಿ ಬಾಯಿ ಮುಕ್ಕಳಿಸಿ ಬರುತ್ತಾರೆ. "ಮೋಢು ಖೋಲೋ, ಭಾಯಿ" ಎಂದು ಬಾಯಿ ತೆರೆಸಿ ಸುಲೋಚನಾ ಮೆತ್ತನೆಯ ಬ್ರಷ್ಷಿನಿಂದ ಕೆನ್ನೆಯ ಒಳಮೈ ಕೆರೆದು ಶೀಶೆಯಲ್ಲಿ ಅದ್ದುತ್ತಾರೆ. ಶೀಶೆಯ ಮೇಲೆ ಹೆಸರಿಲ್ಲ, ಬರೀ ಸಂಖ್ಯೆ. ಗುಟ್ಕಾ ಜಗಿಯುತ್ತ ಬಂದವನಿಗೆ ಮಾತ್ರ ಬೆಳಬೆಳಗ್ಗೆಯೇ ಮಂಗಳಾರತಿ.

ರೈಲ್ವೆಯಲ್ಲಿದ್ದ ಅಪ್ಪನಿಗೆ ವರ್ಗವಾದಾಗ ಗದಗ ಬಿಟ್ಟು ಎಂಟನೇ ವಯಸ್ಸಿಗೆ ಗುಜರಾತ್ ಸೇರಿದವರು ಇವರು. ಈಗ ಐವತ್ಮೂರು. ಇಪ್ಪತ್ತೊಂದು ವರ್ಷದಿಂದ ಪ್ರಯೋಗಾಲಯವೊಂದರಲ್ಲಿ ತಂತ್ರಜ್ಞೆ, ಇನ್ನೂ ಗುತ್ತಿಗೆಯಲ್ಲೇ. ಮೈಗೆ ವಿಷ ಸೇರುತ್ತಿದ್ದರೆ ಜೀವಕೋಶದ ಕೇಂದ್ರದಿಂದ ಚೂರುಗಳು ಒಡೆದು ಪಕ್ಕದಲ್ಲಿ ಬಿದ್ದಿರುತ್ತವೆ. ಒಬ್ಬೊಬ್ಬರ ಎರಡು ಸಾವಿರ ಜೀವಕೋಶ ನೋಡಿ ಆ ಚೂರುಗಳನ್ನು ಎಣಿಸಬೇಕು. ದಿನಕ್ಕೆ ಮೂವರದ್ದು ಮುಗಿಯುವಷ್ಟರಲ್ಲಿ ಕಣ್ಣು ಉರಿದುಹೋಗುತ್ತದೆ. ವರದಿಯಲ್ಲಿ ಹೆಸರು ಬರುವುದು ಪ್ರಯೋಗಾಲಯದ ಸಾಹೇಬರದ್ದು, ಬಿಡಿ.

ಕಳೆದ ಚಳಿಗಾಲದಲ್ಲಿ ಒಂದು ಸುದ್ದಿ ಹಬ್ಬಿತ್ತು, ಚೂರು ಹೆಚ್ಚಿದ್ದವರನ್ನು ಗುತ್ತಿಗೆದಾರ ಮನೆಗೆ ಕಳಿಸುತ್ತಾನಂತೆ ಎಂದು. ಆಗಲೇ ಕನುಭಾಯಿ ಎಂಬ ಕಾರ್ಮಿಕ ಅವಸರದ ನೆಪ ಹೇಳಿ ಬ್ರಷ್ಷು, ಶೀಶೆ ಮನೆಗೆ ಒಯ್ದು ಮರುದಿನ ತಂದುಕೊಟ್ಟ. ಅದರ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕೂತ ಸುಲೋಚನಾ ಎಣಿಕೆ ನಿಲ್ಲಿಸಿ ಮತ್ತೆ ನೋಡಿದರು. ಕೇಂದ್ರದ ಅಂಚಿನಲ್ಲಿ ಹೆಂಗಸರ ಜೀವಕೋಶದಲ್ಲಷ್ಟೇ ಕಾಣುವ ಗಾಢ ಚುಕ್ಕೆ! ಗಂಡನ ಕೆಲಸ ಉಳಿಸಲು ಹೆಂಡತಿ ರಮೀಲಾ ತನ್ನ ಕೆನ್ನೆ ಕೆರೆದು ಕಳಿಸಿದ್ದಳು.

ನಿಯಮದ ಪ್ರಕಾರ ಅದನ್ನು ಎಸೆಯಬೇಕು. ಎಸೆಯುವುದಾದರೂ ಹೇಗೆ? ಕಾರ್ಖಾನೆಯ ಮೆಟ್ಟಿಲನ್ನೇ ತುಳಿಯದ ಹೆಂಗಸಿನಲ್ಲಿ ಹದಿನಾಲ್ಕು ಚೂರು. ಹೋಲಿಸಿ ನೋಡಲು ತಮ್ಮ ಕೆನ್ನೆಯದ್ದನ್ನೇ ಎಣಿಸಿಕೊಂಡ ಸುಲೋಚನಾರಲ್ಲಿ ಎರಡೇ. "ಮನ್ಯಾಗ ಇರಾಕಿಗೆ ಇಷ್ಟ್ಯಾಕ ಬಂತು? ಅವತ್ತು ನನಗ ಊಟ ಸೇರ್ಲಿಲ್ರೀ" ಎನ್ನುತ್ತಾರೆ.

ಮರುದಿನವೇ ಸುಲೋಚನಾ ಕನುಭಾಯಿ ಇದ್ದ ಸಾಲುಮನೆಗಳ ಚಾಳಿಗೆ ಹೋದರು. ರಮೀಲಾ ಗಂಡನ ಬಟ್ಟೆ ಒಗೆಯಲು ಕೂತಿದ್ದಳು. ಪ್ಯಾಂಟು ಕೊಡವಿದರೆ ಹಳದಿ ಪುಡಿ ಎದ್ದು ಅವಳ ಮುಖಕ್ಕೇ ಬಂತು. ಹನ್ನೊಂದು ವರ್ಷದಿಂದ ದಿನಾ ಇದೇ. ವಿಷಯ ತಿಳಿದದ್ದೇ ಅತ್ತುಬಿಟ್ಟಳು, ಗಂಡನ ಕೆಲಸ ತೆಗೆಸಬೇಡಿ ಎಂದು ಕೈಮುಗಿದಳು. "ಅಕಿಗೆ ತನ್ನ ಚಿಂತಿನ ಇಲ್ಲ ನೋಡ್ರಿ. ಸಿಟ್ಟೂ ಬಂತು, ಅಳೂನೂ ಬಂತು."

ಹೆಂಡಂದಿರನ್ನೂ ಪರೀಕ್ಷಿಸೋಣ ಎಂದು ಕೇಳಿದರೆ, ಕಾರ್ಮಿಕರ ಅಧ್ಯಯನದಲ್ಲಿ ಅವರ ಮಾತೇಕೆ ಎಂದರಂತೆ ಸಾಹೇಬರು. ಸುಲೋಚನಾ ಸ್ಲೈಡ್ ಮುಂದಿಟ್ಟು ನೀವೇ ಎಣಿಸಿ ಎಂದರು. ಅದು ಯಾರದ್ದೆಂದು ಮಾತ್ರ ಬಾಯಿಬಿಡಲಿಲ್ಲ. ಕನುಭಾಯಿಯ ಕೆಲಸ ಉಳಿಯಿತು. ಸುಲೋಚನಾರ ಗುತ್ತಿಗೆ ಎರಡು ತಿಂಗಳು ತೂಗುಯ್ಯಾಲೆಯಲ್ಲಿತ್ತು. ಕೊನೆಗೆ ಇಪ್ಪತ್ತಾರು ಹೆಂಗಸರ ಪರೀಕ್ಷೆ ನಡೆಯಿತು. ಅದರ ಫಲಿತಾಂಶ ಬಂದಂದಿನಿಂದ ಕೆಲಸದ ಬಟ್ಟೆಯನ್ನು ಕಾರ್ಖಾನೆಯೊಳಗೇ ಒಗೆಯುತ್ತಾರೆ.

ಅದಾಗಿ ಆರು ತಿಂಗಳು. ಇವತ್ತು ಹೆಂಗಸರ ಮರುಪರೀಕ್ಷೆ. ಗೇಟಿನಿಂದ ನೇರ ಚಾಳಿಗೆ ಬಂದ ಸುಲೋಚನಾರ ಮುಂದೆ ರಮೀಲಾ ಬಾಯಿ ತೆರೆದು ಕೂತಿದ್ದಾಳೆ. ಚೂರು ಇಳಿಯದಿದ್ದರೆ ವಿಷ ಗಾಳಿಯಲ್ಲೋ ನೀರಿನಲ್ಲೋ ಇದೆ ಎಂದರ್ಥ. ಅದನ್ನು ಯಾರು ಒಗೆದು ತೆಗೆದಾರು? ಸುಲೋಚನಾ ಶೀಶೆ ಮುಚ್ಚಿ ಮೇಲೆ ಸಂಖ್ಯೆ ಬರೆಯುತ್ತಾರೆ.

"ದೊಡ್ಡದೇನೂ ಬ್ಯಾಡ್ರೀ. ಹದಿನಾಲ್ಕು ಇದ್ದದ್ದು ಹದಿಮೂರು ಬರ್ಲಿ. ಒಂದಾದ್ರೂ ಇಳೀಲಿ."